ಫ್ಲ್ಯಾಶ್ 64 ಎಂಬಿಯಿಂದ 4ಕ್ಕೆ ಇಳಿಯಿತು, ಹಳೇ ಸ್ನ್ಯಾಪ್‌ಶಾಟ್‌ಗಳೂ ಏಳುತ್ತಿವೆ

ಕ್ಯೂಎಮು ಅಂದ್ರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಅನುಕರಿಸಿ ಓಡಿಸುವ ಸಾಫ್ಟ್‌ವೇರ್. ಅದರ ಆರ್ಮ್ ವರ್ಟ್ (ಆರ್ಮ್ ಪ್ರೊಸೆಸರಿನ ಕಾಲ್ಪನಿಕ ಕಂಪ್ಯೂಟರ್) ಮಷೀನ್‌ಗೆ ಎರಡು ಫ್ಲ್ಯಾಶ್ ಚಿಪ್, ಒಂದೊಂದೂ 64 ಎಂಬಿ: ಮೊದಲನೆಯದು ಫರ್ಮ್‌ವೇರ್ ಕೋಡ್‌ಗೆ, ಎರಡನೆಯದು ಅದರ ವೇರಿಯಬಲ್‌ಗಳಿಗೆ, ಅಂದ್ರೆ ಉಳಿಸಿಟ್ಟ ಸೆಟ್ಟಿಂಗ್‌ಗಳಿಗೆ. ನನ್ನ ಯುಇಎಫ್‌ಐ (ಮಷೀನನ್ನು ಬೂಟ್ ಮಾಡಿಸುವ ಫರ್ಮ್‌ವೇರ್) ಬಿಲ್ಡ್ ಇರೋದು 2 ಎಂಬಿ, ಉಳಿದದ್ದೆಲ್ಲ ಸೊನ್ನೆ ತುಂಬಿದ ಜಾಗ. ನಾನು ಬಳಸುವ ಹಳೇ ಕ್ಯೂಎಮು ಆ ಸೊನ್ನೆಗಳನ್ನೂ ಒಂದೂ ಬಿಡದೆ ಓದಿ ಮೆಮೊರಿಗೆ ತುಂಬುತ್ತಿತ್ತು. 30 ಗೆಸ್ಟ್ (ಕ್ಯೂಎಮು ಒಳಗೆ ಓಡುವ ಮಷೀನ್) ಎಬ್ಬಿಸಿದರೆ ಹೆಚ್ಚುಕಡಿಮೆ ಮೂರೂಮುಕ್ಕಾಲು ಜಿಬಿ ಸುಮ್ನೆ ಹೋಯ್ತು ಅಲ್ವಾ? 'ಸೈಜ್ ಮುಟ್ಟಬೇಡ, ಹಳೇದೆಲ್ಲ ಕೆಡುತ್ತೆ, ಇನ್ನಷ್ಟು ರ‍್ಯಾಮ್ ಹಾಕಿಸು' ಅಂತ ಗೆಳೆಯರೆಲ್ಲ ಹೇಳಿದರು. ಅದಕ್ಕೆ ದುಡ್ಡೂ ಎತ್ತಿಟ್ಟಿದ್ದೆ. ಆ ದುಡ್ಡು ಇನ್ನೂ ಹಾಗೇ ಇದೆ.

ಮೊದಲು ಕ್ಯೂಎಮು ಕೋಡ್‌ನ ಮೆಮೊರಿ ಮ್ಯಾಪ್‌ನಲ್ಲಿ (ಯಾವುದು ಯಾವ ವಿಳಾಸದಲ್ಲಿ ಅನ್ನೋ ಪಟ್ಟಿ) ಎರಡೂ ಫ್ಲ್ಯಾಶ್‌ಗೆ ಸೇರಿದ ಜಾಗವನ್ನೇ 8 ಎಂಬಿ ಮಾಡಿದೆ. ಪರದೆ ಖಾಲಿ. ಒಂದಕ್ಷರ ಬರಲಿಲ್ಲ. ಎರಡು ಸಂಜೆ ಹಾಳಾದ ಮೇಲೆ ಗೊತ್ತಾಯಿತು: ಕ್ಯೂಎಮು ಆ ಜಾಗವನ್ನು ಸಮ ಎರಡು ಭಾಗ ಮಾಡುತ್ತೆ, ಹಾಗಾಗಿ ಎರಡನೇ ಫ್ಲ್ಯಾಶ್ 4 ಎಂಬಿ ವಿಳಾಸಕ್ಕೆ ಬಂದು ಕೂತಿತ್ತು, ಆದರೆ ಫರ್ಮ್‌ವೇರ್ ತನ್ನ ವೇರಿಯಬಲ್‌ಗಳನ್ನು 64 ಎಂಬಿ ವಿಳಾಸದಲ್ಲೇ ಹುಡುಕುತ್ತೆ. ಉದ್ದ ಕಡಿಮೆ ಮಾಡಿ, ವಿಳಾಸ ಅಲ್ಲಾಡಿಸಬೇಡಿ. ಹಾಗೆ ಮಾಡಿದ ತಕ್ಷಣ ಬೂಟ್ ಆಯಿತು.

ಆಮೇಲೆ ಆಸೆ ಜಾಸ್ತಿಯಾಯಿತು. ವೇರಿಯಬಲ್‌ಗಳಿಗೆ ಬೇಕಾಗಿರೋದು 256 ಕೆಬಿಯ ಮೂರೇ ಸೆಕ್ಟರ್ (ಫ್ಲ್ಯಾಶಿನ ತುಂಡು), 768 ಕೆಬಿ ಸಾಕಲ್ಲ ಅಂದುಕೊಂಡು ಅಷ್ಟೇ ಕೊಟ್ಟೆ. ಯುಇಎಫ್‌ಐ ಬಿಟ್ಟು ನೇರ ಕರ್ನಲ್ ಬೂಟ್ ಮಾಡಿ ನೋಡಿದರೆ ಲಿನಕ್ಸ್‌ಗೆ ಕಂಡದ್ದು 256 ಕೆಬಿ. ಫ್ಲ್ಯಾಶ್ ತನ್ನ ವಿವರ ಹೇಳಿಕೊಳ್ಳುವ ಸಿಎಫ್‌ಐ ಟೇಬಲ್‌ನಲ್ಲಿ ಸೈಜನ್ನು ಎರಡರ ಘಾತವಾಗಿ ಮಾತ್ರ ಬರೆಯೋಕೆ ಆಗೋದು. 1 ಎಂಬಿ ಕೊಟ್ಟೆ, ಸರಿಹೋಯಿತು. ಫರ್ಮ್‌ವೇರ್ ಕೋಡ್ ಇರುವ ಮೊದಲ ಫ್ಲ್ಯಾಶ್‌ಗೆ 4 ಎಂಬಿ.

ನಿಜವಾದ ತಲೆನೋವು ಹಳೇ ಸ್ನ್ಯಾಪ್‌ಶಾಟ್‌ಗಳದ್ದು, ಅಂದ್ರೆ ಓಡುತ್ತಿದ್ದ ಗೆಸ್ಟ್‌ನ ಸ್ಥಿತಿಯನ್ನು ಹಾಗೇ ಉಳಿಸಿಟ್ಟ ಫೈಲ್‌ಗಳದ್ದು. ಫ್ಲ್ಯಾಶ್ ಕೂಡ ಒಂದು ರ‍್ಯಾಮ್ ಬ್ಲಾಕ್ (ಮೆಮೊರಿಯ ತುಂಡು) ಆಗಿಯೇ ಸ್ನ್ಯಾಪ್‌ಶಾಟ್‌ಗೆ ಸೇರುತ್ತೆ, ಲೋಡ್ ಮಾಡುವಾಗ ಉದ್ದ ಹೊಂದದಿದ್ದರೆ 'ಲೆಂಗ್ತ್ ಮಿಸ್‌ಮ್ಯಾಚ್' ಅಂತ ಅಲ್ಲೇ ನಿಲ್ಲುತ್ತೆ. ಕ್ಯೂಎಮು ಕೋಡ್‌ನಲ್ಲಿ ಮಷೀನಿನ ವಿವರ ಇರುವ ಮಷೀನ್ ಕ್ಲಾಸ್‌ಗೆ ಒಂದು ಫ್ಲ್ಯಾಗ್ ಸೇರಿಸಿದೆ: ಹಳೇ ಆವೃತ್ತಿಯ ಮಷೀನ್‌ಗಳಿಗೆ 64, ನಾನು ಹೊಸದಾಗಿ ಮಾಡಿದ ಆವೃತ್ತಿಗೆ ಮಾತ್ರ ಚಿಕ್ಕದು. ಅಷ್ಟಾದರೂ ಏಳೆಂಟು ಗೆಸ್ಟ್ ಏಳಲಿಲ್ಲ. ಅವುಗಳ ಸ್ಕ್ರಿಪ್ಟ್‌ನಲ್ಲಿ ಬರೀ 'ವರ್ಟ್' ಅಂತ ಇತ್ತು, ಆ ಹೆಸರು ಯಾವಾಗಲೂ ಹೊಸ ಆವೃತ್ತಿಯನ್ನೇ ಹಿಡಿಯುತ್ತೆ. ಆವೃತ್ತಿ ಸಂಖ್ಯೆ ಸಮೇತ ಬರೆದ ಮೇಲೆ ಎದ್ದವು.

ಇದೇ ಗುಂಗಿನಲ್ಲಿ ರಿಸ್ಕ್-ವಿ (ಇನ್ನೊಂದು ಬಗೆಯ ಪ್ರೊಸೆಸರ್) ವರ್ಟ್ ಕೂಡ ಮುಟ್ಟಿದೆ. ಅಲ್ಲಿ 32 ಎಂಬಿಯ ಎರಡು ಫ್ಲ್ಯಾಶ್, ಅದೇ ಉಪಾಯ ನಡೆಯಿತು. ಎಕ್ಸ್86 (ಮಾಮೂಲಿ ಪಿಸಿಗಳ ಪ್ರೊಸೆಸರ್) ಕಡೆ ಹೋಗಲಿಲ್ಲ. ಅಲ್ಲಿ ಫ್ಲ್ಯಾಶ್ 4 ಜಿಬಿ ಗಡಿಗೆ ಅಂಟಿಕೊಂಡು ಕೆಳಕ್ಕೆ ಬೆಳೆಯುತ್ತೆ, ಸೈಜ್ ಬದಲಾದರೆ ಶುರುವಾಗೋ ವಿಳಾಸವೇ ಬದಲಾಗುತ್ತೆ.

ಹಳೇ ವೇರಿಯಬಲ್ ಫೈಲನ್ನು ಮೊದಲ 1 ಎಂಬಿಗೆ ಕತ್ತರಿಸಿದರೆ ಸಾಕು, ಬೂಟ್ ಎಂಟ್ರಿಗಳು ಹಾಗೇ ಉಳಿಯುತ್ತವೆ. ಈಗ 30 ಗೆಸ್ಟ್‌ನ ಫ್ಲ್ಯಾಶ್ ಎಲ್ಲ ಸೇರಿ 150 ಎಂಬಿ ಆಸುಪಾಸು. ಎಲ್ಲ ಸ್ನ್ಯಾಪ್‌ಶಾಟ್‌ಗಳನ್ನೂ ಒಂದೇ ರಾತ್ರಿಯಲ್ಲಿ ಎಬ್ಬಿಸಿ ಪರೀಕ್ಷಿಸೋ ಸ್ಕ್ರಿಪ್ಟ್ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.