ಹಿಡಿಯದೆ ಕೂರಿಸಿದ ಟೈಟಾನಿಯಂ ಉಂಗುರ: ನನ್ನ ಅನುಭವ

"ಫೈವ್ ಆಕ್ಸಿಸ್ ಮಷಿನ್ ಇಲ್ಲದೆ ಈ ಮಾಲ್ ಆಗಲ್ಲ ಸಾರ್, ಸುಮ್ನೆ ಕೈ ಸುಟ್ಕೋಬೇಡಿ" ಅಂತ ಟೂಲ್ ಮಾರಲು ಬಂದ ಹುಡುಗ ನನ್ನ ಶೆಡ್ಡಲ್ಲೇ ಕೂತು, ನನ್ನ ಕಾಫಿ ಕುಡಿಯುತ್ತಲೇ ಹೇಳಿದ್ದ. ಪೀಣ್ಯ ಎರಡನೇ ಹಂತದಲ್ಲಿ ಅಕ್ಕಪಕ್ಕದ ಶೆಡ್ಡಿನವರೂ ಅದನ್ನೇ ಅಂದರು. ಕೈ ಸುಟ್ಟಿದ್ದು ನಿಜ. ಆದರೆ ಹೋದ ತಿಂಗಳು ಮೂರನೇ ಲಾಟು ಒಂದೂ ರಿಜೆಕ್ಷನ್ ಇಲ್ಲದೆ ಹೋಯಿತು. ಅದೂ ಹದಿನಾಲ್ಕು ವರ್ಷ ಹಳೇ ಸಿಎನ್‌ಸಿ ಲೇತಿನ ಮೇಲೆ.

ಮಾಲ್ ಏನಂದರೆ, ವಿಮಾನದ ಎಂಜಿನ್ನಿನಲ್ಲಿ ಗಾಳಿ ಒತ್ತುವ ಕಂಪ್ರೆಸರ್ ಕಡೆ ಕೂರುವ ಒಂದು ಸಪೋರ್ಟ್ ರಿಂಗ್. ಟೈಟಾನಿಯಂ 6-4 ಅನ್ನುವ ಮಿಶ್ರಲೋಹ. ಹೊರವ್ಯಾಸ ಹೆಚ್ಚುಕಡಿಮೆ 400 ಮಿ.ಮೀ., ಗೋಡೆ ಬರೀ 1.2 ಮಿ.ಮೀ., ಕೆಳಗೊಂದು ಫ್ಲಾಂಜು, ಅಂದರೆ ಚಾಚಿದ ಅಂಚು. ಬರುವಾಗ ಹನ್ನೊಂದು ಕಿಲೋ ಚಿಲ್ಲರೆ ಇರುವ ಫೋರ್ಜಿಂಗ್, ಹೋಗುವಾಗ ಮುಕ್ಕಾಲು ಕಿಲೋ ಕೂಡ ಇಲ್ಲ. ಉಳಿದದ್ದೆಲ್ಲ ಚಿಪ್ಸ್. ಹಗುರ ಮಾಡುವ ಧಂಧೆಯಲ್ಲಿ ನಾವು ಮಾರುವುದಕ್ಕಿಂತ ಗುಡಿಸುವುದೇ ಜಾಸ್ತಿ.

ಮೊದಲ ಉಂಗುರವನ್ನು ಮೂರು ಜಾ ಚಕ್‌ನಲ್ಲಿ, ಅಂದರೆ ಮೂರು ದವಡೆಯಿಂದ ಕಚ್ಚಿ ಹಿಡಿಯುವ ಹಿಡಿತದಲ್ಲಿ, ಸಾಫ್ಟ್ ಜಾ ಬೋರ್ ಮಾಡಿ ಹಿಡಿದೆ. ಮಷಿನ್ ಮೇಲೆ ಡಯಲ್ ಇಟ್ಟರೆ ಮುಳ್ಳು ಅಲ್ಲಾಡಲಿಲ್ಲ. ಖುಷಿಯಲ್ಲಿ ಚಕ್ ಬಿಟ್ಟೆ, ಮಾಲ್ ಮೂರು ಮೂಲೆಯಾಯಿತು! ಅಳತೆ ಮಷಿನ್ ಸಿಎಂಎಂನಲ್ಲಿ ದುಂಡು ತಪ್ಪಿದ್ದು 0.4 ಮಿ.ಮೀ. ತೋರಿಸಿತು; ಡ್ರಾಯಿಂಗ್ ಕೇಳಿದ್ದು 0.05. ಜಾ ಅಗಲ ಮಾಡಿದೆ, ಪ್ರೆಷರ್ ಇಳಿಸಿದೆ. 0.25ಕ್ಕೆ ಬಂತು, ಅಲ್ಲಿಗೇ ನಿಂತಿತು. ಪ್ರೆಷರ್ ಇನ್ನೂ ಇಳಿಸಿದರೆ ಮಾಲ್ ಜಾರುತ್ತದೆ. ಜಾರಿತು ಕೂಡ, ನಾಲ್ಕನೇ ಉಂಗುರ. ಇಂಥ ಸದ್ದು ಯಾರ ಶೆಡ್ಡಲ್ಲೂ ಕೇಳದಿರಲಿ.

ಮೆಟೀರಿಯಲ್ ಗಿರಾಕಿಯದ್ದು, ಹಾಳಾದರೆ ಡೆಬಿಟ್ ನಮ್ಮದು. ಒಂದಕ್ಕೆ ಅರವತ್ತು ಅರವತ್ತೈದು ಸಾವಿರ. ಒಟ್ಟು ಆರು ಹೋದವು. ಬ್ಯಾಂಕಿನ ಓವರ್‌ಡ್ರಾಫ್ಟ್ ತುದಿ ಮುಟ್ಟಿತ್ತು, ಐದು ಲಕ್ಷದ ಚೀಟಿಯನ್ನು ಒಂದು ಲಕ್ಷ ಕಸರಿಗೆ ಕೂಗಿ ಎತ್ತಿದೆ. ಮನೆಯಲ್ಲಿ ಹೇಳಿರಲಿಲ್ಲ, ಚೀಟಿ ನಡೆಸುವಾಕೆಯೇ ಹೇಳಿಬಿಟ್ಟಳು.

ಆಗ ಕಾಸು ಉಳಿಸಲು ಹೋಗಿ ಇನ್ನೊಂದು ದಡ್ಡತನ ಮಾಡಿದೆ. ರಫಿಂಗ್, ಅಂದರೆ ಮೊದಲ ಒರಟು ಕಡಿತ, ಆದ ಮೇಲೆ ಸ್ಟ್ರೆಸ್ ರಿಲೀವ್, ಅಂದರೆ ಕಾಯಿಸಿ ಲೋಹದೊಳಗಿನ ಬಿಗಿತ ಇಳಿಸುವುದು, ಬೇಕೇ ಬೇಕು. ಗಾಳಿ ತೆಗೆದು ಕಾಯಿಸುವ ವ್ಯಾಕ್ಯೂಮ್ ಫರ್ನೇಸಿನವರು ಹೇಳಿದ ರೇಟು ಕೇಳಿ, ಟ್ರಯಲ್‌ಗೆ ತಾನೇ ಅಂತ ಒಂದು ಉಂಗುರವನ್ನು ಸಾದಾ ಫರ್ನೇಸಿನಲ್ಲಿ 600 ಡಿಗ್ರಿಗೆ ಹಾಕಿಸಿದೆ. ನವಿಲಿನ ಕತ್ತಿನ ಬಣ್ಣ ಬಳಿದುಕೊಂಡು ಬಂತು. ಗಾಳಿಯ ಆಮ್ಲಜನಕ ಕುಡಿದ ಆ ಗಡಸು ಚರ್ಮ ಇನ್ಸರ್ಟುಗಳನ್ನು, ಅಂದರೆ ಟೂಲಿನ ಕಡಿಯುವ ತುದಿಗಳನ್ನು, ಕಡಲೆಕಾಯಿಯ ಹಾಗೆ ತಿಂದು ಹಾಕಿತು. ಉಳಿಸಿದ್ದು ಎರಡು ಸಾವಿರ, ಕಳೆದದ್ದು ಲೆಕ್ಕ ಇಟ್ಟಿಲ್ಲ. ಪ್ರೊಡಕ್ಷನ್ ಮಾಲ್‌ಗಂತೂ ವಿಮಾನ ಉದ್ಯಮದ ಮಾನ್ಯತೆಯಾದ ನ್ಯಾಡ್‌ಕ್ಯಾಪ್ ಇರುವವರನ್ನು ಬಿಟ್ಟು ಬೇರೆ ಕಡೆ ಕಳಿಸುವ ಹಾಗೇ ಇಲ್ಲ.

ದಾರಿ ತೋರಿಸಿದ್ದು ಎಚ್‌ಎಎಲ್‌ನಿಂದ ನಿವೃತ್ತರಾದ ಒಬ್ಬ ಹಿರಿಯ ಟರ್ನರ್. ಮೂರು ಮೂಲೆಯ ಉಂಗುರವನ್ನು ಕೈಯಲ್ಲಿ ಹಿಡಿದು, ಬೆರಳಿಂದ ಟಿಂಗ್ ಅನಿಸಿ, "ತೆಳು ಮಾಲನ್ನ ಹಿಡೀಬಾರದು ಕಣಯ್ಯ, ಕೂರಿಸ್ಬೇಕು" ಅಂದರು. ಅಷ್ಟೇ. ಚಹಾ ಕುಡಿದು ಹೋದರು.

ಆ ರಾತ್ರಿಯೇ ಚಕ್ ಬಿಚ್ಚಿಟ್ಟೆ. ಪಕ್ಕದಿಂದ ಒತ್ತುವುದನ್ನೇ ಬಿಟ್ಟು, ಪ್ಲೇಟ್ ಮೇಲೆ ಫ್ಲಾಂಜನ್ನು ಕೂರಿಸಿ ಮೇಲಿನಿಂದ ಕ್ಲ್ಯಾಂಪ್ ಹಾಕಿದೆ. ಇಲ್ಲೂ ಒಂದು ಮೋಸವಿದೆ: ಫ್ಲಾಂಜು ಕೆಳಗೆ ಕೂದಲೆಳೆ ಸಂದಿದ್ದರೂ ಕ್ಲ್ಯಾಂಪ್ ಅದನ್ನು ಎಳೆದು ಕೂರಿಸುತ್ತದೆ, ಬಿಟ್ಟ ಕೂಡಲೇ ಮಾಲ್ ಮತ್ತೆ ತನ್ನ ಆಕಾರಕ್ಕೆ ಹೋಗುತ್ತದೆ. ಹಾಗಾಗಿ ರಫಿಂಗ್, ಬಾಸ್ (ಉಬ್ಬು) ಮಿಲ್ಲಿಂಗ್, ಸ್ಟ್ರೆಸ್ ರಿಲೀವ್ ಎಲ್ಲ ಮುಗಿದ ಮೇಲೆ ಮಾಲನ್ನು ಬಿಡಿಯಾಗಿ ಇಟ್ಟು, ಸುತ್ತ ಸಂದಿ ಅಳೆಯುವ ಫೀಲರ್ ಪಟ್ಟಿ ಹಾಕಿ, ಸಂದಿ ಇದ್ದ ಕಡೆ ಶಿಮ್ (ತೆಳು ತಗಡು) ತುಂಬಿ, ಆ ಮೇಲೆ ಫ್ಲಾಂಜಿನ ಮುಖ ಕಡಿದು ಸಮ ಮಾಡುತ್ತೇವೆ. ಅದಾದ ಮೇಲೇ ಫಿನಿಶಿಂಗ್. ಬೋಲ್ಟ್ ಬಿಗಿಯುವ ಕ್ರಮ, ಎಷ್ಟು ಟಾರ್ಕ್ ಅನ್ನುವುದನ್ನು ಬರೆಯುವುದಿಲ್ಲ. ಅದಕ್ಕೇ ಎರಡು ಲಕ್ಷ ಸುರಿದಿದ್ದೇನೆ.

ದುಂಡಗೆ ಬಂತು, ಆದರೆ ಚಾಟರ್, ಅಂದರೆ ಕಡಿಯುವಾಗಿನ ನಡುಕ, ಶುರುವಾಯಿತು. ಒಳಗೆ ಬೋರ್ ಮಾಡುವಾಗ ಹೊರಗೆ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿದೆವು, ಬ್ರೇಕ್ ಡ್ರಮ್ ಟರ್ನಿಂಗ್ ಮಾಡುವವರ ಹಳೇ ಉಪಾಯ. ಗೋಡೆ ಇನ್ನೂ ದಪ್ಪ ಇರುವಾಗ ಅದೇ ಸಾಕು. ಕೊನೆಗೆ ಹೊರಮೈ ತೆಗೆಯುವಾಗ ಮಾತ್ರ ಒಳಗಿನಿಂದ ಆಸರೆ ಬೇಕು. ಎಪ್ಪತ್ತು ಡಿಗ್ರಿಗೇ ಕರಗುವ ಮಿಶ್ರಲೋಹ ಹುಯ್ಯೋಣ ಅಂದುಕೊಂಡು ಗಿರಾಕಿಯ ಕ್ವಾಲಿಟಿಯವರಿಗೆ ಫೋನ್ ಮಾಡಿದೆ. "ಸೀಸ, ಬಿಸ್ಮತ್, ಕ್ಯಾಡ್ಮಿಯಂ ಎಂಜಿನ್ ಮಾಲ್ ಹತ್ರ ತಂದ್ರೆ ನಿಮ್ಮ ಅಪ್ರೂವಲ್ಲೇ ಹೋಗುತ್ತೆ" ಅಂದರು. ಕೇಳಿದ್ದು ಒಳ್ಳೇದಾಯಿತು. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿದೆ, ಕೂಲಂಟಿಗೆ ನೆನೆದು ಕೆಸರಾಯಿತು, ಪಂಪಿನ ಫಿಲ್ಟರ್ ಕಟ್ಟಿತು. ಆಮೇಲೆ ಮೇಣ. ಒಳಗೊಂದು ಅಲ್ಯೂಮಿನಿಯಂ ಡ್ರಮ್, ಅದಕ್ಕೂ ಗೋಡೆಗೂ ನಡುವೆ ಆರು ಮಿ.ಮೀ. ಸಂದಿಗೆ ಮೇಣ. ಬರೀ ಪ್ಯಾರಾಫಿನ್ ಆರಿದಾಗ ಕುಗ್ಗಿ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಏನು ಬೆರೆಸಿದೆ ಅಂತ ಕೇಳಬೇಡಿ. ಕ್ಲೋರಿನ್ ಇರುವ ಸಾಲ್ವೆಂಟು ಮಾತ್ರ ಮುಟ್ಟಲ್ಲ, ಬಿಸಿನೀರು ಮತ್ತು ಕ್ಷಾರದ ಸೋಪಿನಲ್ಲೇ ತೊಳೆಯುತ್ತೇವೆ.

ಕಡಿಯುವ ಸ್ಪೀಡು ರಫಿಂಗಿಗೆ ನಿಮಿಷಕ್ಕೆ ನಲವತ್ತೈದು ಐವತ್ತು ಮೀಟರ್, ಫಿನಿಶಿಂಗಿಗೆ ಎಪ್ಪತ್ತರ ಆಸುಪಾಸು. ಚೂಪು ಇನ್ಸರ್ಟೇ ಬೇಕು, ಇನ್ನೂ ಕಡಿಯುತ್ತಿದೆಯಲ್ಲ ಅಂತ ಆಸೆಪಟ್ಟರೆ ಕೆಟ್ಟಿರಿ. ಸೆಕೆಂಡ್ ಹ್ಯಾಂಡಲ್ಲಿ ನಾಲ್ಕು ಲಕ್ಷಕ್ಕೆ ತಂದ 70 ಬಾರ್ ಒತ್ತಡದ ಕೂಲಂಟ್ ಪಂಪು ಆರು ತಿಂಗಳಲ್ಲಿ ಇನ್ಸರ್ಟಿನ ಖರ್ಚಲ್ಲೇ ಅರ್ಧ ದುಡ್ಡು ವಾಪಸ್ ಕೊಟ್ಟಿತು.

ಪಂಪು ಬರುವ ಮುಂಚೆ ಒಂದು ರಾತ್ರಿ ಪಾಳಿಯಲ್ಲಿ ಕೂಲಂಟಿನ ನಾಝಲ್ ತಿರುಗಿಕೊಂಡು, ಮೊಂಡಾದ ಟೂಲ್ ಕೆಳಗೆ ಸಣ್ಣ ಚಿಪ್ಸಿನ ಗುಪ್ಪೆಗೆ ಬೆಂಕಿ ಹತ್ತಿತ್ತು. ಕಣ್ಣು ಕುಕ್ಕುವ ಬಿಳಿ ಬೆಂಕಿ, ಹೊಗೆ ಕಮ್ಮಿ. "ಅಣ್ಣ, ನೀರ್ ಹುಯ್ಲಾ?" ಅಂತ ಹುಡುಗ ಬಕೆಟ್ ಎತ್ತಿಬಿಟ್ಟಿದ್ದ. "ನೀರ್ ಬೇಡ ಕಣೋ, ಮರಳು ತಗೊಂಬಾ!" ಒಣ ಮರಳಿನ ಬಕೆಟ್ ಬಾಗಿಲ ಹತ್ತಿರವಿತ್ತು, ಬದುಕಿಕೊಂಡೆವು. ಈಗ ಪ್ರತಿ ಮಷಿನ್ ಪಕ್ಕ ಒಂದೊಂದಿದೆ, ಚಿಪ್ಸ್ ಟ್ರೇ ಪಾಳಿಗೆ ಎರಡು ಸಲ ಖಾಲಿ.

ನಡುವೆ ಒಬ್ಬ ಸ್ನೇಹಿತ ಟೈಟಾನಿಯಂ ಅಲ್ಯುಮಿನೈಡ್ ತುಂಡೊಂದನ್ನು ಕೊಟ್ಟಿದ್ದ. ಜಿಇಎನ್‌ಎಕ್ಸ್ ಅನ್ನುವ ವಿಮಾನ ಎಂಜಿನ್ನಿನ ಲೋ ಪ್ರೆಷರ್ ಟರ್ಬೈನಿನ ಕೊನೆಯ ಎರಡು ಹಂತದ ಬ್ಲೇಡುಗಳು ಇದರಲ್ಲೇ ಆಗುವುದು, ನಿಕ್ಕಲ್ ಮಿಶ್ರಲೋಹದ ಅರ್ಧ ತೂಕ. ಚಪಲಕ್ಕೆ ಮಿಲ್ಲಿಂಗ್ ಮಾಡಿ ನೋಡಿದೆ, ಅಂಚು ಕಲ್ಲುಸಕ್ಕರೆಯ ಹಾಗೆ ಪುಟಪುಟ ಉದುರಿತು. ಅದು ನಮ್ಮ ಶೆಡ್ಡಿನ ಕೆಲಸವಲ್ಲ, ಸದ್ಯಕ್ಕೆ.

ಈಗಿನ ಲೆಕ್ಕ: ಉಂಗುರಕ್ಕೆ ಇಪ್ಪತ್ತೆಂಟು ಸಾವಿರ ಮಜೂರಿ, ಇನ್ಸರ್ಟಿಗೆ ಐದು, ಫರ್ನೇಸ್, ಸಾಗಣೆ, ಇನ್‌ಸ್ಪೆಕ್ಷನ್ ಕಳೆದು ಕೈಗೆ ಆರೇಳು ಸಾವಿರ. ಮೂರನೇ ಲಾಟಿನ ಇಪ್ಪತ್ತರಲ್ಲಿ ಅತಿ ಕೆಟ್ಟದ್ದು 0.04. ರಿಪೋರ್ಟಿನ ಪ್ರತಿಯನ್ನು ಕಾಫಿ ಕುಡಿದ ಹುಡುಗನಿಗೆ ವಾಟ್ಸಾಪ್ ಮಾಡಿದೆ, ಹೆಬ್ಬೆರಳು ಒತ್ತಿದ್ದಾನೆ. ಮುಂದಿನ ಡ್ರಾಯಿಂಗಿನಲ್ಲಿ ಗೋಡೆ 0.9 ಅಂತಿದೆ. ಮೇಣ ಇನ್ನೂ ಇಪ್ಪತ್ತು ಕಿಲೋ ಹೇಳಿದ್ದೇವೆ. ಚಿಕ್ಕಪೇಟೆಯ ಅಂಗಡಿಯವರು ಬಿಲ್ಲಿನಲ್ಲಿ ನಮ್ಮ ಹೆಸರಿನ ಮುಂದೆ ಇವತ್ತಿಗೂ "ಕ್ಯಾಂಡಲ್ ವರ್ಕ್ಸ್" ಅಂತಲೇ ಬರೆಯುತ್ತಾರೆ.