ಮಳೆಗೆ ಮೊದಲು, ಏಣಿ ಹಿಡಿದು ಮನೆಮನೆಗೆ

ಮಳೆಗಾಲಕ್ಕೆ ಮೊದಲು ಏನೇನು ಮಾಡಬೇಕು ಅನ್ನೋದು ಹೆಚ್ಚಿನವರಿಗೆ ಗೊತ್ತಿದೆ. ತಾರಸಿ ಗುಡಿಸಬೇಕು, ಟ್ಯಾಂಕಿಗೆ ಮುಚ್ಚಳ ಬೇಕು, ನೀರು ಕುದಿಸಿ ಕುಡಿಯಬೇಕು. ಗೊತ್ತಿದ್ದೂ ಆಗದೇ ಉಳಿಯುವುದಕ್ಕೆ ಕಾರಣಗಳು ಬೇರೆ ಇವೆ. ಮಂಡಿನೋವಿನವರು ಏಣಿ ಹತ್ತಲಾರರು. ಬಾಡಿಗೆಗೆ ಇರುವವರ ಬಳಿ ತಾರಸಿಯ ಬೀಗದ ಕೈ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಹಗಲು ಬಾಗಿಲು ತೆಗೆಯುವವರೇ ಇಲ್ಲ. ಇಂಥವರಿಗೆಲ್ಲ ಇನ್ನೊಂದು ಕರಪತ್ರ ಕೊಟ್ಟು ಏನು ಪ್ರಯೋಜನ? ಹಾಗಾಗಿ ನಮ್ಮ ಬೀದಿಯಲ್ಲಿ ನಾವು ಕೆಲವರು ಸೇರಿ ಕರಪತ್ರ ಹಂಚುವುದನ್ನು ಬಿಟ್ಟು ಏಣಿ, ಪೊರಕೆ, ಟಾರ್ಚು ಹಿಡಿದುಕೊಂಡು ಇಬ್ಬಿಬ್ಬರಾಗಿ ಮನೆಗಳಿಗೆ ಹೋಗತೊಡಗಿದೆವು. ಹಲವು ಮಳೆಗಾಲ ಹೀಗೆ ಓಡಾಡಿದ ಮೇಲೆ ಒಂದು ಮಾತು ಖಚಿತವಾಗಿ ಹೇಳಬಲ್ಲೆ: ಸಲಹೆಯ ಜೊತೆಗೆ ಎರಡು ಕೈಯೂ ಹೋದರೆ ಮಾತ್ರ ಕೆಲಸ ಆಗುತ್ತದೆ.

ಒಂದು ಸಲ ಹೋದಾಗ ಒಂದೇ ವಿಷಯ. ಇದನ್ನು ನಾವು ಬಿಟ್ಟುಕೊಟ್ಟಿಲ್ಲ. ತಾರಸಿ ನೋಡಲು ಹೋದವರು ಸೊಳ್ಳೆಯ ಪಾಠ ಶುರು ಮಾಡಬಾರದು. ಮನೆಯವರ ತಲೆಯಲ್ಲಿ ಎರಡೂ ಉಳಿಯುವುದಿಲ್ಲ.

ಮೊದಲ ಸರದಿ ತಾರಸಿಯದು, ಅದೂ ಬಿಸಿಲು ಇರುವಾಗಲೇ. ಬಿರುಕಿಗೆ ಹಾಕುವ ಸಿಮೆಂಟಾಗಲಿ ವಾಟರ್‌ಪ್ರೂಫ್ ಬಣ್ಣವಾಗಲಿ ಒದ್ದೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಮೊದಲ ಮಳೆ ಬಿದ್ದ ಮೇಲೆ ಮೇಸ್ತ್ರಿಯೂ ಸಿಗುವುದಿಲ್ಲ. ನಾವು ಮಾಡುವುದು ಸರಳ: ನೀರು ಇಳಿಯುವ ಕೊಳವೆಯ ಬಾಯಿಗೆ ಕೈಹಾಕಿ ಎಲೆ, ಮಣ್ಣು, ಹಕ್ಕಿ ಗೂಡಿನ ಕಡ್ಡಿ ತೆಗೆಯುತ್ತೇವೆ. ಆಮೇಲೆ ಒಂದು ಬಕೆಟ್ ನೀರು ಸುರಿದು ಕೆಳಗಡೆ ಒಬ್ಬರು ನಿಂತು ನೋಡುತ್ತಾರೆ. ಸುರಿದಷ್ಟೂ ಬಂತೇ, ತಡೆದು ತಡೆದು ಬಂತೇ? ಬಾಯಿಗೆ ತಂತಿಯ ಜಾಲರಿ ಸಿಕ್ಕಿಸಿ ಇಳಿಯುತ್ತೇವೆ.

"ಕೊಳವೆ ಒಂದು ಕಟ್ಟಿದರೆ ಏನಾಗುತ್ತೆ ಬಿಡಿ" ಎನ್ನುವವರಿಗೆ ನಾನು ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ತಾರಸಿ 100 ಚದರ ಮೀಟರ್ ಇದ್ದು, ಒಂದು ಜೋರು ಮಳೆಗೆ 50 ಮಿಲಿಮೀಟರ್ ಸುರಿಯಿತು ಅಂದುಕೊಳ್ಳಿ: 5,000 ಲೀಟರ್. ಹೋಗಲು ದಾರಿ ಇಲ್ಲದೆ ಅದು ಅಲ್ಲೇ ನಿಂತರೆ ತಾರಸಿಯ ಮೇಲೆ 5 ಟನ್ ಭಾರ. ಈ ಲೆಕ್ಕ ಕೇಳಿದ ಮೇಲೆ ಹೆಚ್ಚಿನವರು ಬೀಗದ ಕೈ ಹುಡುಕಿ ತರುತ್ತಾರೆ.

ಸೋರುವ ಮನೆಗಳಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಒಳಗೆ ಕಲೆ ಎಲ್ಲಿದೆಯೋ ಅದರ ನೇರ ಮೇಲೆಯೇ ಬಿರುಕು ಇರುತ್ತದೆ ಎಂದೇನಿಲ್ಲ. ನೀರು ಒಳಹೊಕ್ಕ ಮೇಲೆ ಇಳಿಜಾರು ಹಿಡಿದು ದೂರ ಹೋಗಿ ಇನ್ನೆಲ್ಲೋ ಇಳಿಯುತ್ತದೆ. ಕಲೆಯ ಮೇಲ್ಭಾಗ ಮಾತ್ರ ಬಳಿದು ಹಣ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ಗೋಡೆಯೂ ತಾರಸಿಯೂ ಕೂಡುವ ಮೂಲೆ, ಕೊಳವೆ ತೂರಿದ ಜಾಗ, ಟ್ಯಾಂಕಿನ ಕಾಲು, ಇವನ್ನು ಮೊದಲು ನೋಡಿ.

ವಿದ್ಯುತ್ತಿನ ವಿಚಾರದಲ್ಲಿ ನಾವು ಕೈ ಹಾಕುವುದಿಲ್ಲ. ಅದು ಎಲೆಕ್ಟ್ರಿಷಿಯನ್ ಕೆಲಸ. ಆದರೆ ಮೇನ್ ಸ್ವಿಚ್ ಎಲ್ಲಿದೆ ಎಂದು ಮನೆಯ ಪ್ರತಿಯೊಬ್ಬರಿಗೂ, ಮಕ್ಕಳಿಗೂ, ತೋರಿಸಲು ಹೇಳುತ್ತೇವೆ. ಸೋರಿಕೆ ಕರೆಂಟ್ ಕಂಡ ತಕ್ಷಣ ಸಂಪರ್ಕ ಕಡಿಯುವ ಬ್ರೇಕರ್ ಇದ್ದರೆ (ಮನೆಗಳಿಗೆ ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು) ಅದರ ಟೆಸ್ಟ್ ಬಟನ್ ಒತ್ತಿಸಿ ನೋಡುತ್ತೇವೆ. ಒತ್ತಿದರೂ ಬೀಳದ ಬ್ರೇಕರ್ ಇದ್ದೂ ಇಲ್ಲದಂತೆ. ಮನೆಯೊಳಗೆ ನೀರು ಬರುವ ಸೂಚನೆ ಕಂಡರೆ ನೆಲ ಒಣಗಿರುವಾಗಲೇ ಮೇನ್ ಆರಿಸಿಬಿಡಿ. ನೀರಲ್ಲಿ ನಿಂತು ಮುಟ್ಟಬೇಡಿ. ಕರೆಂಟ್ ಹೋಯಿತೆಂದು ಜನರೇಟರನ್ನಾಗಲಿ ಇದ್ದಿಲ ಒಲೆಯನ್ನಾಗಲಿ ಒಳಗೆ ಹಚ್ಚುವುದಂತೂ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರಿಗೆ ತಿಳಿಯುವುದೇ ಇಲ್ಲ.

ಮಳೆ ಹಿಡಿದ ಮೇಲೆ ಸೊಳ್ಳೆಯ ಕೆಲಸ. ಇದನ್ನು ಬೀದಿಯ ಹರೆಯದ ಮಕ್ಕಳಿಗೆ ವಹಿಸಿದ್ದೇವೆ, ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡಿದ್ದೇವೆ, ಆ ದಿನ ತಪ್ಪಿಸುವಂತಿಲ್ಲ. ನೀರು ಚೆಲ್ಲಿದರೆ ಮುಗಿಯಿತು ಎಂದುಕೊಳ್ಳುತ್ತಾರೆ, ಅದು ಸಾಲದು. ಈ ಸೊಳ್ಳೆ ನೀರಿನ ಅಂಚಿಗೆ ತುಸು ಮೇಲೆ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ಡ್ರಮ್ಮನ್ನು ಬ್ರಷ್ಷಿನಿಂದ ಉಜ್ಜಿ ತೊಳೆದರೇ ಅದು ಹೋಗುವುದು. ಮಕ್ಕಳು ಟಾರ್ಚ್ ಬಿಟ್ಟು ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಕೆಳಗಿನ ತಟ್ಟೆ, ಎಸಿ ನೀರು ತೊಟ್ಟಿಕ್ಕುವ ಬಕೆಟ್ಟು, ಮೂಲೆಗೆ ಎಸೆದ ಟೈರು ಎಲ್ಲವನ್ನೂ ಹುಡುಕುತ್ತಾರೆ. ತಟ್ಟೆಯಲ್ಲಿ ಕುಣಿಯುವ ಹುಳವನ್ನು ಕಣ್ಣಾರೆ ಕಂಡ ಮನೆಯವರಿಗೆ ಮತ್ತೆ ಹೇಳುವ ಅಗತ್ಯವೇ ಬೀಳುವುದಿಲ್ಲ.

ಜ್ವರ ಬಂದ ಮನೆಗೆ ನಾವು ಔಷಧಿ ಹೇಳುವುದಿಲ್ಲ, ಡಾಕ್ಟರ ಬಳಿ ಕರೆದೊಯ್ಯುತ್ತೇವೆ. ಎರಡು ಮಾತು ಮಾತ್ರ ತಪ್ಪದೆ ಹೇಳುತ್ತೇವೆ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮತ್ತೆ, ಜ್ವರ ಇಳಿಯಿತು ಎಂದು ನಿರಾಳವಾಗಬೇಡಿ. ಇಳಿದ ನಂತರದ ಒಂದೆರಡು ದಿನವೇ ಸೂಕ್ಷ್ಮ. ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಆ ಕ್ಷಣವೇ ಆಸ್ಪತ್ರೆ.

ಕುಡಿಯುವ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಭೇದಿಯಾದರೆ ಓಆರ್‌ಎಸ್ ಪೊಟ್ಟಣ, ಅದಿಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ನಮ್ಮ ಕೆಲಸದ ಜೀವಾಳ ಮಾತ್ರ ಒಂದು ನೋಟ್‌ಬುಕ್. ಒಂಟಿಯಾಗಿ ಇರುವವರು ಯಾರು, ಯಾವ ಮನೆಗೆ ಮೊದಲು ನೀರು ನುಗ್ಗುತ್ತದೆ, ಯಾರ ಉಸಿರು ಕರೆಂಟಿನ ಆಮ್ಲಜನಕ ಯಂತ್ರದ ಮೇಲೆ ನಿಂತಿದೆ, ಯಾರ ಫ್ರಿಜ್ಜಿನಲ್ಲಿ ಇನ್ಸುಲಿನ್ ಇದೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು. ಕೇಳಿ, ಒಪ್ಪಿದರೆ ಮಾತ್ರ ಬರೆದುಕೊಳ್ಳುತ್ತೇವೆ. ಪುಸ್ತಕ ಇಬ್ಬರ ಬಳಿಯಷ್ಟೇ ಇರುತ್ತದೆ. ಒಬ್ಬರ ಕಾಯಿಲೆಯ ವಿಷಯ ವಾಟ್ಸಾಪ್ ಗುಂಪಿಗೆ ಬೀಳಬಾರದು, ಬಿದ್ದರೆ ಮುಂದಿನ ವರ್ಷ ಯಾರೂ ಬಾಗಿಲು ತೆಗೆಯುವುದಿಲ್ಲ.

ಕೇಳುವ ರೀತಿಯೂ ಮುಖ್ಯ. "ಅಮ್ಮಾ, ನಿಮಗೆ ಸಹಾಯ ಬೇಕಾ?" ಅಂದರೆ "ಏನೂ ಬೇಡಪ್ಪ, ನಾನು ಚೆನ್ನಾಗಿದ್ದೀನಿ" ಅನ್ನುವ ಉತ್ತರವೇ ಬರುವುದು. ಯಾರಿಗೂ ಭಾರವಾಗಬಾರದು ಎಂಬ ಸಂಕೋಚ ಅವರದು. ಅದನ್ನು ಅರಿತು ನಾವು ಅವರಿಂದಲೇ ಏನಾದರೂ ಕೇಳತೊಡಗಿದೆವು. ಏಣಿ ಹತ್ತಲಾಗದ ಒಬ್ಬ ನಿವೃತ್ತ ಟೀಚರ್ ಈಗ ಜೋರು ಮಳೆಯ ದಿನ ಬೆಳಗ್ಗೆ ಪಟ್ಟಿಯಲ್ಲಿರುವ ಎಲ್ಲರಿಗೂ ಫೋನ್ ಮಾಡಿ ವಿಚಾರಿಸುತ್ತಾರೆ. ಯಾರಾದರೂ ಎತ್ತದಿದ್ದರೆ ನಮ್ಮಲ್ಲೊಬ್ಬರು ಹೋಗಿ ನೋಡಿ ಬರುತ್ತೇವೆ. "ಟೀಚರ್, ನಿಮ್ಮ ತಾರಸಿಯನ್ನೂ ಒಮ್ಮೆ ನೋಡ್ತೀವಿ" ಎಂದರೆ ಈಗ ಅವರಿಗೆ ಸಂಕೋಚವಿಲ್ಲ.

ಇನ್ಸುಲಿನ್ ಇರುವವರು ಕರೆಂಟ್ ಹೋದಾಗ ಬಹಳ ಗಾಬರಿಯಾಗುತ್ತಾರೆ. ತೆರೆಯದ್ದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು ನಿಜ. ಬಳಸುತ್ತಿರುವುದು ಕೋಣೆಯ ತಂಪಿನಲ್ಲಿ ಸಾಮಾನ್ಯವಾಗಿ ನಾಲ್ಕು ವಾರದವರೆಗೆ ಕೆಡುವುದಿಲ್ಲ. ಡಬ್ಬಿಯ ಮೇಲಿನ ಸೂಚನೆ ನೋಡಿಕೊಳ್ಳಬೇಕು. ಐಸಿಗೆ ನೇರವಾಗಿ ಒತ್ತಿ ಇಟ್ಟು ಹೆಪ್ಪುಗಟ್ಟಿಸಿದರೆ ಮಾತ್ರ ಅದು ಬಿಸಾಡುವುದಕ್ಕೇ ಸರಿ.

ನೀರು ನುಗ್ಗಿ ಇಳಿದ ಮನೆಗೆ ಮರುದಿನವೇ ಹೋಗುತ್ತೇವೆ. ನೆನೆದ ಹಾಸಿಗೆ, ಚಾಪೆ, ರಟ್ಟಿನ ಪೆಟ್ಟಿಗೆಗಳಲ್ಲಿ 24ರಿಂದ 48 ಗಂಟೆಯೊಳಗೆ ಬೂಷ್ಟು ಹುಟ್ಟಿಕೊಳ್ಳುತ್ತದೆ. ಕಿಟಕಿ ಬಾಗಿಲು ತೆರೆದು ಗೋಡೆಯಿಂದ ಸಾಮಾನನ್ನೆಲ್ಲ ಈಚೆಗೆ ಎಳೆಯುತ್ತೇವೆ. ನೆಲ ತೊಳೆಯುವಾಗ ಬ್ಲೀಚನ್ನು ಆಸಿಡ್‌ನೊಂದಿಗೆ ಬೆರೆಸಬಾರದು, ಏಳುವ ಕ್ಲೋರಿನ್ ಹೊಗೆ ಶ್ವಾಸಕೋಶ ಸುಡುತ್ತದೆ. ಬೂಟು, ಗ್ಲೌಸು ಇಲ್ಲದೆ ಯಾರನ್ನೂ ಇಳಿಸುವುದಿಲ್ಲ, ಏಕೆಂದರೆ ಇಲಿಯ ಮೂತ್ರ ಬೆರೆತ ನೀರು ಚರ್ಮದ ಸಣ್ಣ ಗಾಯದಿಂದಲೂ ಇಲಿಜ್ವರ ತರಬಲ್ಲದು. ಹೀಗೆ ನೀರಲ್ಲಿ ಓಡಾಡಿದ ಮೇಲೆ ಎರಡು ಮೂರು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ "ನೆರೆ ನೀರಿನಲ್ಲಿ ನಡೆದಿದ್ದೆ" ಎಂದು ಕೇಳದಿದ್ದರೂ ಹೇಳಿ. ಚಿಕಿತ್ಸೆ ಬೇಗ ಶುರುವಾಗಲು ಆ ಒಂದು ಮಾಹಿತಿ ಬಹಳ ಸಹಾಯ ಮಾಡುತ್ತದೆ.