ಹತ್ತು ದಿನದ ಕೊಳಚೆ ನೀರಿನಲ್ಲೂ ಸಿಕ್ಕಿದ ಆರ್‌ಎನ್‌ಎ: ನನ್ನ ಅನುಭವ

ತೀರ್ಥಹಳ್ಳಿ, ಸಾಗರದ ಕಡೆಯಿಂದ ಬರುವ ಚರಂಡಿ ನೀರನ್ನು ವಾರಗಟ್ಟಲೆ ಕೂಡಿಟ್ಟು, ಊರಿನಲ್ಲಿ ಕೊರೊನಾ ಸೋಂಕು ಎಷ್ಟಿದೆ ಎಂದು ತಿಳಿಯಲು ಒಟ್ಟಿಗೇ ಪರೀಕ್ಷಿಸುತ್ತೇನೆ ಎಂದು ನಾನು ಹೇಳಿದಾಗ ಶಿವಮೊಗ್ಗದ ಜೊತೆಗಾರರು ನಕ್ಕರು. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇರುವುದರಿಂದ ಎರಡೇ ದಿನದಲ್ಲಿ ಎಲ್ಲವೂ ಮುಗಿಯುತ್ತದೆ ಎಂಬುದು ಅವರ ವಾದವಾಗಿತ್ತು. ಸೋಂಕು ತಗಲಿಸುವ ಶಕ್ತಿ ಹೋಗುವುದು ಬೇರೆ, ವೈರಸ್ಸಿನ ಅನುವಂಶಿಕ ವಸ್ತುವಾದ ಆರ್‌ಎನ್‌ಎಯ ತುಣುಕು ಉಳಿಯುವುದು ಬೇರೆ ಎಂದು ನಾನು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ.

ಆದರೆ ಮೊದಲು ಸೋತವನು ನಾನೇ. 2021ರ ಮಳೆಗಾಲದಲ್ಲಿ ಬಾಟಲಿಗಳನ್ನು ಡೀಪ್ ಫ್ರೀಜರ್‌ಗೆ ಹಾಕಿ ನಿಶ್ಚಿಂತನಾಗಿದ್ದೆ. ಮಲೆನಾಡಿನ ಮಳೆಗೆ ಕರೆಂಟು ಹೋಗಿ ಬಂದು ಹೋಗಿ, ಮಾದರಿಗಳು ಕರಗಿ ಮತ್ತೆ ಹೆಪ್ಪುಗಟ್ಟಿ, ಮೂವತ್ತರ ಆಸುಪಾಸಿನಲ್ಲಿದ್ದ ಸಿಟಿ (Ct) ಮೂವತ್ತೈದನ್ನು ದಾಟಿತು. ಪಿಸಿಆರ್ ಪರೀಕ್ಷೆ ವೈರಸ್ಸಿನ ಗುರುತನ್ನು ಸುತ್ತುಸುತ್ತಾಗಿ ಇಮ್ಮಡಿಸುತ್ತಾ ಹೋಗುತ್ತದೆ; ಅದು ಕಾಣಿಸಿಕೊಳ್ಳಲು ಬೇಕಾದ ಸುತ್ತುಗಳ ಲೆಕ್ಕವೇ ಸಿಟಿ. ಅದು ಒಂದು ಏರಿದರೆ ಆರ್‌ಎನ್‌ಎ ಸುಮಾರು ಅರ್ಧಕ್ಕೆ ಇಳಿದಂತೆ. ಅದರ ಮೇಲೆ, ನೀರು ತಿಳಿಯಾಗಲೆಂದು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಗಸಿಯನ್ನು ಚೆಲ್ಲುತ್ತಿದ್ದೆ. ಹೊದಿಕೆಯುಳ್ಳ ವೈರಸ್ಸಿನ ದೊಡ್ಡ ಪಾಲು ಆ ಗಸಿಗೇ ಅಂಟಿಕೊಂಡಿರುತ್ತದೆ ಎಂಬುದನ್ನು ಓದಿದ್ದೂ ಕೈ ಮಾತ್ರ ಹಳೆಯ ರೂಢಿಯನ್ನು ಬಿಟ್ಟಿರಲಿಲ್ಲ. ಕಿಟ್ಟು, ಪ್ರೈಮರ್ ಎಂದು ಆ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಎಂಬತ್ತು ಸಾವಿರ ರೂಪಾಯಿ ಚರಂಡಿಗೇ ಹೋಯಿತೆನ್ನಬೇಕು.

2022ರ ಜನವರಿಯಲ್ಲಿ, ಓಮಿಕ್ರಾನ್ ಅಲೆಯ ಹೊತ್ತಿಗೆ, ಪ್ರತಿ ಬಡಾವಣೆಯ ಒಂದೊಂದು ಕ್ಯಾನಿನ ನೀರನ್ನು ಸಣ್ಣ ಬಾಟಲಿಗಳಿಗೆ ಹಂಚಿ, ಅರ್ಧವನ್ನು ನಾಲ್ಕು ಡಿಗ್ರಿಯ ಸಾಧಾರಣ ಫ್ರಿಜ್ಜಿನಲ್ಲಿ, ಅರ್ಧವನ್ನು ಮೇಜಿನ ಮೇಲೆ ಇಟ್ಟೆ. ಈ ಸಲ ಗಸಿಯನ್ನು ಚೆಲ್ಲದೆ, ಚೆನ್ನಾಗಿ ಕುಲುಕಿ, ಇಡೀ ನೀರಿಗೇ ಪಿಇಜಿ ಎಂಬ ರಾಸಾಯನಿಕ ಮತ್ತು ಉಪ್ಪು ಬೆರೆಸಿ ವೈರಸ್ಸನ್ನು ತಳಕ್ಕೆ ಇಳಿಸಿದೆ. ಆದರೂ ಒಂದು ಬಡಾವಣೆಯ ಮಾದರಿ ಮಾತ್ರ ಮೊದಲ ದಿನವೇ ಸೊನ್ನೆ ತೋರಿಸಿತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನೀರಿನ ಕೆಂಪು ಛಾಯೆ ಕಣ್ಣಿಗೆ ಬಿತ್ತು. ಅದು ಅಡಿಕೆ ಸುಗ್ಗಿಯ ಕಾಲ. ಬೇಯಿಸಿದ ಹಂಡೆಯ ಚೊಗರು ಅದೇ ಚರಂಡಿಗೆ ಸೇರುತ್ತಿತ್ತು. ಚೊಗರಿನ ಟ್ಯಾನಿನ್ ಪಿಸಿಆರ್ ಕಿಣ್ವವನ್ನು ಕಟ್ಟಿಹಾಕುತ್ತದೆ. ಆರ್‌ಎನ್‌ಎಯನ್ನು ಹತ್ತು ಪಟ್ಟು ತೆಳುಗೊಳಿಸಿ, ಕಿಣ್ವವನ್ನು ಕಾಪಾಡುವ ಬಿಎಸ್‌ಎ ಎಂಬ ಪ್ರೋಟೀನು ಸೇರಿಸಿದಾಗ ಪಿಸಿಆರ್ ಯಂತ್ರದ ಪರದೆಯಲ್ಲಿ ಗೆರೆ ಮೇಲೆದ್ದಿತು. ಅದಕ್ಕೂ ಮೊದಲು ಚೊಗರನ್ನು ಹೀರಲು ಒಂದು ಪುಡಿಯನ್ನು ಹಾಕುತ್ತೇನೆ. ಅದರ ಹೆಸರು ಮತ್ತು ಪ್ರಮಾಣ ಸದ್ಯಕ್ಕೆ ನನ್ನಲ್ಲೇ ಇರಲಿ.

ಹತ್ತನೆಯ ದಿನಕ್ಕೆ ಫ್ರಿಜ್ಜಿನ ಬಾಟಲಿಯಲ್ಲಿ ಸಿಟಿ ಒಂದು, ಒಂದೂಕಾಲು ಏರಿತ್ತು, ಅಂದರೆ ಅರ್ಧಕ್ಕೂ ತುಸು ಕಡಿಮೆ ಆರ್‌ಎನ್‌ಎ ಇನ್ನೂ ಉಳಿದಿತ್ತು. ಮೇಜಿನ ಮೇಲಿನದರಲ್ಲಿ ಏರಿಕೆ ಮೂರರ ಹತ್ತಿರ, ಅಂದರೆ ಆರು-ಏಳು ಪಟ್ಟು ನಷ್ಟ. ನಕ್ಕವರನ್ನೇ ಕರೆದು, ಬಾಟಲಿಗಳ ಮೇಲೆ ಹೆಸರಿಲ್ಲದೆ ಅವರ ಕೈಯಿಂದಲೇ ಮತ್ತೊಮ್ಮೆ ಮಾಡಿಸಿದೆ. ಲೆಕ್ಕ ಬದಲಾಗಲಿಲ್ಲ.

ಕುತೂಹಲಕ್ಕೆ ಅದೇ ಬಾಟಲಿಗಳಲ್ಲಿ ಮೆಣಸಿನಕಾಯಿಯ ಮಾಟಲ್ ವೈರಸ್ಸನ್ನೂ ಹುಡುಕಿದೆ. ನಮ್ಮ ಸಾರು, ಚಟ್ನಿಗಳ ಮೂಲಕ ಹೊಟ್ಟೆ ದಾಟಿ ಚರಂಡಿ ಸೇರುವ ಈ ಸಸ್ಯ ವೈರಸ್ ತಿಂಗಳಾದರೂ ಮೇಜಿನ ಮೇಲೆ ಕದಲಲೇ ಇಲ್ಲ. ನೀರಿನಲ್ಲಿ ಜನರ ಮಲದ ಪಾಲು ಎಷ್ಟೆಂದು ತಿಳಿಯಲು ಅದನ್ನು ಅಳತೆಗೋಲಾಗಿ ಬಳಸುವವರು ಹಳೆಯ ಮಾದರಿಗಳಲ್ಲಿ ಎಚ್ಚರದಿಂದಿರಬೇಕು, ಏಕೆಂದರೆ ಅದು ನಿಂತಲ್ಲೇ ನಿಂತಿರುವಾಗ ಕೊರೊನಾ ಮಾತ್ರ ಇಳಿಯುತ್ತಾ ಹೋಗಿ ಊರಿನಲ್ಲಿ ಸೋಂಕೇ ಕಡಿಮೆಯಾದಂತೆ ಕಾಣುತ್ತದೆ.

ಈಗ ಬಾಟಲಿಗಳು ವಾರಕ್ಕೊಮ್ಮೆ, ಐಸ್ ಪ್ಯಾಕ್ ತುಂಬಿದ ಥರ್ಮೋಕೋಲ್ ಡಬ್ಬಿಯಲ್ಲಿ, ಬಸ್ಸಿನಲ್ಲಿ ಬರುತ್ತವೆ. ಸಾಗಣೆಯ ಖರ್ಚು ಮೊದಲಿನ ಐದರಲ್ಲೊಂದು ಭಾಗಕ್ಕೆ ಇಳಿದಿದೆ. ಡೀಪ್ ಫ್ರೀಜರನ್ನು ಮಾರಿಬಿಟ್ಟೆ.